ಜೇಜುರಿಯಿಂದ ತಂದ ಹಳದಿ

ನಮ್ಮ ಮನೆಯಲ್ಲಿ ಜೇಜುರಿಗೆ ಹೋಗಿ ಬಂದವರು ಮುಂದಿನ ಆದಿತ್ಯವಾರದವರೆಗೆ ಮೈಗೆ ಸಾಬೂನು ಹಚ್ಚುವಂತಿಲ್ಲ. ಬರಿಯ ನೀರಿನ ಸ್ನಾನ ಮಾಡಬಹುದು. ಭಂಡಾರ, ಅಂದರೆ ಖಂಡೋಬನ ಗುಡಿಯಲ್ಲಿ ಹಿಡಿ ಹಿಡಿಯಾಗಿ ತೂರುವ ಅರಿಸಿನ, ಮೈಮೇಲಿಂದ ತಾನಾಗಿ ಹೋಗುವಷ್ಟು ಹೋಗಬೇಕು. ಉಜ್ಜಿ ತೆಗೆದರೆ ಮನೆಗೆ ಬಂದ ದೇವರನ್ನು ಹೊರಗೆ ದಬ್ಬಿದ ಹಾಗೆ. ಈ ನೇಮ ಬೇರೆ ಯಾರ ಮನೆಯಲ್ಲೂ ಇದ್ದದ್ದು ನಾನು ಕೇಳಿಲ್ಲ. ನಮ್ಮ ಅತ್ತೆ ಅದನ್ನು ಬೆಳಗಾವಿ ಕಡೆಯ ತವರಿನಿಂದ ತಂದರೋ, ಪುಣೆಗೆ ಬಂದ ಮೇಲೆ ತಾವೇ ಕಟ್ಟಿಕೊಂಡರೋ ಗೊತ್ತಿಲ್ಲ. ಅತ್ತೆ ಹೋದರು, ನೇಮ ಉಳಿಯಿತು. ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವರು ನನ್ನ ವೈನಿ, ನನ್ನ ಗಂಡನ ಅಣ್ಣನ ಹೆಂಡತಿ.

ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಇಂಥ ನೇಮ ಕೇಳಿದರೆ ಸಿಟ್ಟು ಮೂಗಿನ ತುದಿಗೆ ಬರುತ್ತದೆ. ಧಾರವಾಡದಿಂದ ಮದುವೆಯಾಗಿ ಬಂದ ಹೊಸದರಲ್ಲೇ ವಾದಕ್ಕೆ ನಿಂತಿದ್ದೆ. ವೈನಿಯೂ ಬಿಡುವ ಪೈಕಿಯಲ್ಲ. ಕೋಥರೂಡಿನ ಒಂದೇ ಕಟ್ಟಡದಲ್ಲಿ, ಒಂದೇ ಮಜಲಿನಲ್ಲಿ ಎದುರುಬದುರು ನಮ್ಮ ಮನೆಗಳು; ಎರಡೂ ಬಾಗಿಲು ಹಗಲೆಲ್ಲ ತೆರೆದೇ ಇರುತ್ತವೆ, ಆದ್ದರಿಂದ ಜಗಳಕ್ಕೆ ಯಾರೂ ಎದ್ದು ಹೋಗಬೇಕಾಗಿರಲಿಲ್ಲ. ಕೂತಲ್ಲಿಂದಲೇ ನಡೆಯುತ್ತಿತ್ತು. ಅತ್ತೆ ಇರುವ ತನಕ ಎರಡು ಬಾಗಿಲುಗಳ ನಡುವೆ ಬಂದು ನಿಂತು, "ಇರ್ಲಿ ಬಿಡ್ರವಾ, ಸಾಕ್ ಮಾಡ್ರಿ" ಎನ್ನುತ್ತಿದ್ದರು. ಅಷ್ಟಕ್ಕೇ ಇಬ್ಬರೂ ತಣ್ಣಗಾಗುತ್ತಿದ್ದೆವು. ಅವರು ಹೋದ ಮೇಲೆ ನಾವೇ ಹಚ್ಚಿದ ಜಗಳವನ್ನು ನಾವೇ ಆರಿಸಬೇಕಾಯಿತು. ಅದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಒಂದು ಮಳೆಗಾಲದಲ್ಲಿ ವೈನಿಗೆ ಕೆಮ್ಮು ಹತ್ತಿ ಬಿಡಲೇ ಇಲ್ಲ. ನೆಗಡಿಯದೇ ಬಾಲ ಎಂದುಕೊಂಡು ಕೊನೆಗೆ ಎದೆಯ ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಂಟುಗಳು ಕಂಡವು. ಹುಡುಕುತ್ತ ಹೋದರೆ ಅವುಗಳ ಮೂಲ ಕಿಡ್ನಿಯಲ್ಲಿತ್ತು. ಕ್ಯಾನ್ಸರ್ ಎಂಬ ಮಾತನ್ನು ಭಾವನವರು ಮನೆಯಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಮೊದಲೇ ಮಾತು ಕಡಿಮೆ ಅವರದು. ಆ ವಾರ ಕಾರು ಒರೆಸುವುದೊಂದೇ ಕೆಲಸವೆನ್ನುವ ಹಾಗೆ ಕೆಳಗೆ ಹೋಗಿ ಕಾರು ಒರೆಸಿದರು. ವೈನಿಯೇ ಎಲ್ಲರಿಗೂ ಫೋನ್ ಮಾಡಿ, ಯಾರದೋ ಮನೆಯ ಸುದ್ದಿ ಹೇಳುವ ಧಾಟಿಯಲ್ಲಿ ಹೇಳಿ ಮುಗಿಸಿದರು.

ಆಸ್ಪತ್ರೆ ಶಿವಾಜಿನಗರದ ಆಚೆ. ಅಲ್ಲಿ ನಮಗೆ ಸಿಕ್ಕ ಕ್ಯಾನ್ಸರ್ ಡಾಕ್ಟರ್ ಮೈಸೂರು ಕಡೆಯ ಹುಡುಗಿ. ಹುಡುಗಿ ಎಂದದ್ದು ನನ್ನ ವಯಸ್ಸಿನ ಅಭ್ಯಾಸ, ಆಕೆಗೆ ನಲವತ್ತರ ಹತ್ತಿರ. ನಾವು ಮರಾಠಿಯಲ್ಲಿ ಶುರು ಮಾಡಿದ ಮಾತು ಎರಡನೆಯ ವಾಕ್ಯಕ್ಕೇ ಕನ್ನಡಕ್ಕೆ ತಿರುಗಿತು. ವೈನಿಗೆ ಅರ್ಧ ಕಾಯಿಲೆ ಅಲ್ಲೇ ವಾಸಿಯಾದಂತೆ ಕಂಡಿತು.

"ಇದು ಕೀಮೋ ಅಲ್ಲಮ್ಮ, ಇಮ್ಯುನೋಥೆರಪಿ," ಎಂದರು ಡಾಕ್ಟರ್. "ಔಷಧಿ ನೇರವಾಗಿ ಕ್ಯಾನ್ಸರನ್ನ ಕೊಲ್ಲಲ್ಲ. ನಿಮ್ಮ ರಕ್ತದಲ್ಲಿ ಟಿ ಸೆಲ್ಸ್ ಅಂತ ಜೀವಕೋಶ ಇದಾವೆ, ಅವೇ ಕೊಲ್ಲಬೇಕು."

"ಮತ್ತ ಇಷ್ಟ ದಿನಾ ಅವು ಏನ್ ಮಾಡಲಿಕ್ಕತ್ತಿದ್ವು?" ಎಂದು ವೈನಿ ಕೇಳಿದರು, ಕೆಲಸಕ್ಕೆ ಬಾರದವರ ಬಗ್ಗೆ ಕೇಳುವ ಹಾಗೆ.

"ಅವನ್ನ ತಡೆಯೋಕೆ ಇನ್ನೊಂದು ಥರದ ಟಿ ಸೆಲ್ಸ್ ಇವೆ. ರೆಗ್ಯುಲೇಟರಿ ಅಂತೀವಿ. ಕೊಲ್ಲೋ ಜೀವಕೋಶಗಳು ಕಂಡಿದ್ದರ ಮೇಲೆಲ್ಲ ಬೀಳದ ಹಾಗೆ ನೋಡ್ಕೊಳ್ಳೋದು ಅವುಗಳ ಕೆಲಸ. ಅವು ಬೇಕು. ಇಲ್ಲದಿದ್ರೆ ನಮ್ಮ ದೇಹ ನಮ್ಮನ್ನೇ ಹಾಳು ಮಾಡುತ್ತೆ. ಆದರೆ ಕ್ಯಾನ್ಸರ್ ಜಾಣ. ಈ ತಡೆಯೋರನ್ನ ತನ್ನ ಸುತ್ತ ಕರೆದು ಕೂರಿಸ್ಕೊಂಡುಬಿಡುತ್ತೆ. ಕೊಲ್ಲೋಕೆ ಬಂದವರು ಸುಮ್ಮನಾಗಿಬಿಡ್ತಾರೆ. ಸುಮ್ಮನಾಗಿಸೋಕೆ ಬೇರೆ ದಾರಿಗಳೂ ಇವೆ ಅದಕ್ಕೆ. ನಾವು ಕೊಡೋ ಎರಡು ಔಷಧಿ ಆ ತಡೆಯನ್ನ ಸಡಿಲ ಮಾಡುತ್ತೆ."

ವೈನಿ ನನ್ನ ಕಡೆ ತಿರುಗಿದರು. "ಅಂದ್ರ ನಮ್ಮ ಅತ್ತಿ ಇದ್ದಂಗ. ಗಡ್ಡಿ ಅತ್ತಿನ್ನ ಮಗ್ಗಲಕ್ಕ ಕೂಡಿಸ್ಕೊಂಡು ಕೂತದ ನೋಡ. ಹೊಡೀಲಿಕ್ಕೆ ಹೋದವ್ರಿಗೆಲ್ಲಾ ಇರ್ಲಿ ಬಿಡ್ರವಾ, ಇರ್ಲಿ ಬಿಡ್ರವಾ ಅನ್ನಲಿಕ್ಕತ್ತಾರ."

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯ ಕಥೆಯನ್ನು ಡಾಕ್ಟರಿಗೆ ಬಿಡಿಸಿ ಹೇಳಬೇಕಾಯಿತು. ಅವರೂ ನಕ್ಕರು, ನಂತರ ನಗು ನಿಲ್ಲಿಸಿ ಹೇಳಿದರು: "ಒಂದು ಮಾತು ನೆನಪಿಟ್ಕೊಳ್ಳಿ. ತಡೆ ಸಡಿಲ ಆದರೆ ಗಡ್ಡೆ ಹತ್ತಿರ ಮಾತ್ರ ಆಗಲ್ಲ, ಮೈಯಲ್ಲೆಲ್ಲ ಆಗುತ್ತೆ. ಕರುಳು, ಚರ್ಮ, ಥೈರಾಯ್ಡ್, ಲಿವರ್, ಎಲ್ಲಿಗೆ ಬೇಕಾದರೂ ನುಗ್ಗಬಹುದು. ಭೇದಿ ಆದ್ರೆ, ಉಸಿರು ಕಟ್ಟಿದ್ರೆ, ಕಣ್ಣು ಹಳದಿ ಆದ್ರೆ, ಸಹಿಸ್ಕೊಂಡು ಕೂರಬೇಡಿ. ತಕ್ಷಣ ಫೋನ್ ಮಾಡಿ."

ನಾನು ತಲೆಯಾಡಿಸಿದೆ. ಬುದ್ಧಿವಂತ ವಿದ್ಯಾರ್ಥಿನಿಯ ಹಾಗೆ ಒಂದೊಂದನ್ನೂ ತಿರುಗಿ ಹೇಳಿದೆ ಕೂಡ.

ಮೂರು ವಾರಕ್ಕೊಮ್ಮೆ ಹೋಗಿ ಔಷಧಿ ಏರಿಸಿಕೊಂಡು ಬರುವುದು ಶುರುವಾಯಿತು. ವೈನಿಯ ಕೂದಲು ಉದುರಲಿಲ್ಲ, ವಾಂತಿಯಾಗಲಿಲ್ಲ. ನೋಡಲು ಬಂದವರಿಗೆ ಅದರಿಂದ ಸ್ವಲ್ಪ ನಿರಾಸೆಯಾದಂತೆ ನನಗೆ ಕಾಣುತ್ತಿತ್ತು. ಬಂದವರೆಲ್ಲ ಇಮ್ಯುನಿಟಿ ಹೆಚ್ಚಿಸುವ ಮಾತಾಡುತ್ತಿದ್ದರು. ಕೆಳಗಿನ ಮನೆಯ ಮರಾಠಿ ಹೆಂಗಸು ಅಮೃತಬಳ್ಳಿಯ ಕಷಾಯವನ್ನು ಸ್ಟೀಲ್ ಡಬ್ಬಿಯಲ್ಲಿ ತಂದು, "ಅಗದೀ ನೈಸರ್ಗಿಕ ಆಹೇ" ಎಂದು ನನ್ನ ಕೈಗಿಟ್ಟರು. ನೈಸರ್ಗಿಕ ಎಂಬ ಮಾತಿಗೆ ನಾನು ಮೊದಲಿಂದಲೂ ಸಿಡಿಯುತ್ತೇನೆ. ಹಾವಿನ ವಿಷಕ್ಕಿಂತ ನೈಸರ್ಗಿಕವಾದದ್ದು ಯಾವುದಿದೆ? ಅವರು ಮೆಟ್ಟಿಲು ಇಳಿಯುವುದರೊಳಗೆ ಕಷಾಯ ಬಚ್ಚಲಿಗೆ ಹೋಯಿತು. ಡಬ್ಬಿ ತೊಳೆದು, ಸಕ್ಕರೆ ತುಂಬಿ ವಾಪಸು ಕಳಿಸಿದೆ.

ನಾಲ್ಕು ಸಲ ಔಷಧಿ ಏರಿಸಿದ ಮೇಲೆ ಸ್ಕ್ಯಾನ್ ಆಯಿತು. ಶ್ವಾಸಕೋಶದ ಗಂಟುಗಳಲ್ಲಿ ಕೆಲವು ಕಾಣಿಸುತ್ತಲೇ ಇರಲಿಲ್ಲ, ಉಳಿದವು ಕುಗ್ಗಿದ್ದವು. ಡಾಕ್ಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಭಾವನವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. ನನಗೆ ಎದ್ದು ಕುಣಿಯಬೇಕು ಅನ್ನಿಸಿತು.

ವೈನಿ ಮನೆಗೆ ಬಂದವರೇ ಹರಕೆಯ ಮಾತು ತೆಗೆದರು. ಗಡ್ಡೆ ಇಳಿದರೆ ಜೇಜುರಿಗೆ ಬಂದು ಭಂಡಾರ ತೂರುತ್ತೇನೆಂದು ಹೊತ್ತಿದ್ದರಂತೆ. ಡಾಕ್ಟರನ್ನು ಕೇಳಿದೆವು. ಗದ್ದಲ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ, ಮಾಸ್ಕ್ ಹಾಕಿ, ಮೆಟ್ಟಿಲು ಎಷ್ಟಾಗುತ್ತೋ ಅಷ್ಟು ಎಂದರು. ಮುಂದಿನ ರಕ್ತಪರೀಕ್ಷೆಗೆ ಇನ್ನೂ ದಿನಗಳಿದ್ದವು.

ಒಂದು ಆದಿತ್ಯವಾರ ಬೆಳಗಾಗುವ ಮುಂಚೆಯೇ ಹೊರಟೆವು. ವೈನಿ ಅಂಗಡಿಯ ಭಂಡಾರವನ್ನು ನಂಬುವುದಿಲ್ಲ, ಅದರಲ್ಲಿ ಅರಿಸಿನಕ್ಕಿಂತ ಹಿಟ್ಟೇ ಹೆಚ್ಚು ಎಂದು ಅವರ ದೂರು. ಸಾಂಗಲಿಯಿಂದ ತರಿಸಿದ ಅರಿಸಿನದ ಕೊಂಬನ್ನು ಬೀಸಿಸಿ ಚೀಲ ತುಂಬಿ ತಂದಿದ್ದರು. ಗುಡ್ಡದ ಮೆಟ್ಟಿಲುಗಳನ್ನು ನಿಂತು ನಿಂತು ಏರಿದರು. ಡೋಲಿಯಲ್ಲಿ ಹೊತ್ತುಕೊಂಡು ಹೋಗುವವರು ಬಂದು ಕೇಳಿದಾಗ ಅವರನ್ನು ಗದರಿಸಿ ಕಳಿಸಿದರು. ಮೇಲೆ ನಮ್ಮ ಹಿಂದೆಯೇ ಗದಗಿನ ಕಡೆಯವರದೊಂದು ಗುಂಪು, ನಮ್ಮ ಮಾತು ಕೇಳಿ ಗುರುತು ಹಿಡಿದು, "ಏಳುಕೋಟಿ" ಎಂದು ದೇವರ ಘೋಷ ಕೂಗಿ ನಮ್ಮ ಮೇಲೂ ಒಂದಿಷ್ಟು ತೂರಿತು. ವೈನಿ ಬೊಗಸೆ ತುಂಬಿ ಮೇಲಕ್ಕೆ ಎಸೆದು, ಬೀಳುವ ಅರಿಸಿನಕ್ಕೆ ಮುಖ ಕೊಟ್ಟು ನಿಂತರು. ದೇವರ ವಿಷಯದಲ್ಲಿ ನಾನು ಅಷ್ಟಕ್ಕಷ್ಟೆ. ಆ ಹೊತ್ತು ಮಾತ್ರ ಸಂತೋಷವಾಗಿತ್ತು, ಪೂರ್ತಿ ಸಂತೋಷ.

ಮರುದಿನ ವೈನಿ ಹಾಸಿಗೆ ಬಿಟ್ಟು ಏಳಲಿಲ್ಲ. ಮೆಟ್ಟಿಲು ಹತ್ತಿದ ದಣಿವು ಎಂದೆವು. ಊಟ ಸೇರುವುದಿಲ್ಲ ಎಂದರು. ಜೇಜುರಿಯಲ್ಲಿ ಉಂಡ ಬದನೆಕಾಯಿ ಭರೀತಿನ ಎಣ್ಣೆ ಎಂದೆವು. ಮೈ ತುರಿಸುತ್ತಿದೆ ಎಂದರು. ಅರಿಸಿನಕ್ಕೆ ಚರ್ಮ ಒಣಗಿದೆ ಎಂದೆವು. ಮೂತ್ರದ ಬಣ್ಣ ಗಾಢವಾಗಿದ್ದನ್ನು ಅವರು ನೋಡಿಯೂ, ದಾರಿಯಲ್ಲಿ ನೀರು ಕುಡಿದದ್ದು ಸಾಲದು ಎಂದು ತಮಗೆ ತಾವೇ ಹೇಳಿಕೊಂಡರಂತೆ. ಇನ್ನು ಮೈ ಹಳದಿಯಾಗಿತ್ತು, ಅದಂತೂ ಆಗಲೇಬೇಕಲ್ಲ. ನನ್ನ ಗಂಡನ ಕಿವಿಯ ಹಿಂದೆ ಹಳದಿ, ಭಾವನವರ ಉಗುರಿನ ಸಂದಿಯಲ್ಲಿ ಹಳದಿ, ಕಾರಿನ ಸೀಟು ಹಳದಿ. ಎರಡು ಮನೆಯವರೂ ಹಳದಿಯಾಗಿಯೇ ಓಡಾಡುತ್ತಿದ್ದೆವು. ವೈನಿಯೊಬ್ಬರು ಸ್ವಲ್ಪ ಹೆಚ್ಚು ಎಂದು ಯಾರಿಗೆ ಅನ್ನಿಸಬೇಕು? ಕಣ್ಣಿನ ಪೊರೆ ತೆಗೆಸಿದಂದಿನಿಂದ ಅವರು ಕಂದು ಗಾಜಿನ ಕನ್ನಡಕ ಹಾಕುತ್ತಾರೆ. ಕಣ್ಣು ಅದರ ಹಿಂದೆ ಉಳಿಯಿತು.

ಗುರುವಾರ ಬೆಳಿಗ್ಗೆ ಹೋದಾಗ ಅವರು ಮುಂಗೈ ತುರಿಸಿ ತುರಿಸಿ ಗೀರು ಮಾಡಿಕೊಂಡಿದ್ದರು. ನಿಂತು ನೀರು ಹಾಕಿಕೊಳ್ಳುವ ತ್ರಾಣವೂ ಇರಲಿಲ್ಲ. ನನಗೆ ರೇಗಿತು. ಹೊಟ್ಟೆಗೆ ಇಲ್ಲ, ಮೈ ಕೆರೆತ, ಮೇಲೆ ಅತ್ತೆಯ ನೇಮ ಬೇರೆ. "ಏಳ್ರಿ, ನಾ ಎರೀತೀನಿ" ಎಂದು ಕೈಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದೆ. ಮೂಲೆಯಲ್ಲಿ ಜೇಜುರಿಗೆ ಉಟ್ಟಿದ್ದ ಅವರ ಸೀರೆ ಬಕೆಟ್ಟಿನಲ್ಲಿ ನೆನೆದಿತ್ತು. ಬಟ್ಟೆಗೆ ನೇಮ ಇಲ್ಲ, ಮೈಗೆ ಮಾತ್ರ. ಸಾಬೂನು ನೀರು ಬಕೆಟ್ಟಿನಲ್ಲಿ ಕಡು ಕೆಂಪಾಗಿತ್ತು.

ನಾನು ಸಾಬೂನು ಕೈಗೆತ್ತಿಕೊಂಡೆ.

"ಏ, ಆದಿತ್ಯವಾರದತನಾ ಸಾಬಣ ಹಚ್ಚಬಾರ್ದು."

"ಅತ್ತಿ ಕೇಳಿದ್ರ ನಾ ಹೇಳ್ತೀನಿ, ನೀವು ಸುಮ್ನ ಕೂಡ್ರಿ."

"ಅತ್ತಿ ಎಲ್ಲಿ ಸಿಗ್ತಾರ ನಿನಗ?" ಎಂದರು. ಆದರೆ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ವೈನಿ ವಾದ ಅಷ್ಟಕ್ಕೇ ಬಿಟ್ಟಾಗ ನನಗೆ ಮೊದಲ ಬಾರಿ ಅಳುಕಾಯಿತು.

ಮುಂಗೈಗೆ ಸಾಬೂನು ಹಚ್ಚಿ ಉಜ್ಜಿದೆ. ಬಿಳಿ ನೊರೆ ಬಂತು. ಇನ್ನಷ್ಟು ಉಜ್ಜಿದೆ. ಬಿಳಿಯೇ.

ಅರಿಸಿನಕ್ಕೆ ಸಾಬೂನು ತಾಗಿದರೆ ಕೆಂಪಾಗುತ್ತದೆ. ನಾನು ವರ್ಷ ವರ್ಷವೂ ಏಳನೆಯ ತರಗತಿಗೆ ಮಾಡಿ ತೋರಿಸುತ್ತಿದ್ದ ಮೊದಲ ಪ್ರಯೋಗ ಅದು. ಒಗ್ಗರಣೆ ಚೆಲ್ಲಿದ ಸೆರಗು ತೊಳೆದ ಯಾವ ಹೆಂಗಸಿಗೂ ಹೊಸ ವಿಷಯವೇನಲ್ಲ. ಪಕ್ಕದ ಬಕೆಟ್ಟಿನಲ್ಲಿ ಅದೇ ಭಂಡಾರ ಕೆಂಪಾಗಿ ಕೂತಿದೆ. ಕೈಮೇಲಿನ ಹಳದಿ ಕೆಂಪಾಗುತ್ತಿಲ್ಲ, ಹೋಗುತ್ತಲೂ ಇಲ್ಲ. ಒಂದು ತಂಬಿಗೆ ನೀರು ಸುರಿದೆ. ನೊರೆ ಹರಿದುಹೋಯಿತು, ಹಳದಿ ಅಲ್ಲೇ ಇತ್ತು. ವೈನಿಯ ಗಲ್ಲ ಹಿಡಿದು ಮುಖ ಮೇಲೆತ್ತಿದೆ. ಸ್ನಾನಕ್ಕೆಂದು ಕನ್ನಡಕ ತೆಗೆದಿದ್ದರು. ಕಣ್ಣಿನ ಬಿಳಿ ಇರಬೇಕಾದ ಜಾಗ ಚೆಂಡುಹೂವಿನ ಎಸಳಿನಂತಿತ್ತು. ಕಣ್ಣಿನೊಳಗೆ ಯಾರೂ ಭಂಡಾರ ತೂರಿರಲಿಲ್ಲ.

"ಯಾಕ, ಏನಾತು?" ಎಂದರು ವೈನಿ.

"ಏನಿಲ್ಲ, ಏಳ್ರಿ. ಡಾಕ್ಟರ್ ಕಡೆ ಹೋಗೋಣು."

ಡಾಕ್ಟರ್ ಫೋನಿನಲ್ಲಿ ಒಂದೇ ಮಾತು ಹೇಳಿದರು, ಈಗಲೇ ಕರ್ಕೊಂಡು ಬನ್ನಿ ಎಂದು. ಸಂಜೆಯೊಳಗೆ ರಕ್ತದ ವರದಿ ಬಂತು. ಆಕೆ ಕಷಾಯ, ಮಾತ್ರೆ, ಲೇಹ್ಯ ಏನಾದರೂ ಕೊಟ್ಟಿದ್ದೀರಾ ಎಂದು ಎರಡೆರಡು ಸಲ ಕೇಳಿದರು. ಕೊಟ್ಟಿರಲಿಲ್ಲ. ಬೇರೆ ಕಾರಣದ ಕಾಮಾಲೆಯೂ ಅಲ್ಲ ಎಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಂಡ ಮೇಲೆ ವೈನಿಯ ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕೂತರು.

"ನಿಮ್ಮ ಟಿ ಜೀವಕೋಶಗಳು ಲಿವರ್ ಮೇಲೆ ಬಿದ್ದಿವೆ ಅಮ್ಮಾ. ಸ್ಟೆರಾಯ್ಡ್ ಕೊಟ್ಟು ಸುಮ್ಮನಾಗಿಸಬೇಕು. ಇನ್ನು ಮುಂದೆ ಆ ಔಷಧಿಗಳನ್ನ ಕೊಡೋಕಾಗಲ್ಲ."

ವೈನಿ ದಿಂಬಿಗೊರಗಿ ಎದ್ದು ಕೂತರು. "ಅಂದ್ರ ಅತ್ತಿನ್ನ ಮತ್ತ ಕರಸ್ಬೇಕು ಅಂತೀರಿ."

"ಹೌದು."

"ಕರಸಿದ್ರ ಅವ್ರು ಗಡ್ಡಿ ಕಡೆನೂ ಹೋಗಿ ಇರ್ಲಿ ಬಿಡ್ರವಾ ಅಂತಾರಲ್ರಿ?"

ನಾನು ಕಿಟಕಿಯ ಕಡೆ ನೋಡಿದೆ. ಈ ಪ್ರಶ್ನೆ ನನ್ನ ತಲೆಯಲ್ಲಿ ಮಧ್ಯಾಹ್ನದಿಂದ ಇತ್ತು, ಕೇಳುವ ಧೈರ್ಯ ನನಗಿರಲಿಲ್ಲ.

"ಅನ್ನಬಹುದು," ಎಂದರು ಡಾಕ್ಟರ್. "ನಿಮಗೆ ಸುಳ್ಳು ಹೇಳಲ್ಲ. ಆದರೆ ಕೆಲವರಲ್ಲಿ ಔಷಧಿ ನಿಲ್ಲಿಸಿದ ಮೇಲೂ ಆ ಜೀವಕೋಶಗಳು ಕಲಿತಿದ್ದನ್ನ ಮರೆಯಲ್ಲ. ಗಡ್ಡೆಯನ್ನ ತಲೆ ಎತ್ತೋಕೆ ಬಿಡಲ್ಲ. ನೀವು ಅಂಥವರೋ ಅಲ್ಲವೋ ಅಂತ ಮುಂದಿನ ಸ್ಕ್ಯಾನ್‌ಗಳೇ ಹೇಳಬೇಕು. ಮೊದಲು ಲಿವರ್ ಉಳಿಸೋಣ."

ಆ ವಾರ ನನಗೆ ಎಲ್ಲರ ಮೇಲೂ ಸಿಟ್ಟು. ನೇಮದ ಮೇಲೆ, ನೇಮ ಮಾಡಿಟ್ಟು ಹೋದ ಅತ್ತೆಯ ಮೇಲೆ, ನಿಂತು ನಿಂತು ಏರಿದ ಆ ಮೆಟ್ಟಿಲುಗಳ ಮೇಲೆ. ಸಿಟ್ಟಿನ ಅಡಿಯಲ್ಲಿ ಇದ್ದದ್ದು ಭಯ. ಆಸ್ಪತ್ರೆಯಿಂದ ಒಬ್ಬಳೇ ಮನೆಗೆ ಬಂದಾಗ ಎದುರು ಮನೆಯ ಬಾಗಿಲು ಮುಚ್ಚಿರುತ್ತಿತ್ತು. ಇಷ್ಟು ವರ್ಷದಲ್ಲಿ ಹಗಲು ಹೊತ್ತು ಆ ಬಾಗಿಲು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ವೈನಿ ಇಲ್ಲದಿದ್ದರೆ ನಾನು ಯಾರೊಂದಿಗೆ ಜಗಳ ಆಡಲಿ ಎಂದು ಯೋಚಿಸಿ, ಕೀಲಿಕೈ ಹಿಡಿದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಲಿವರ್ ಮಾತು ಕೇಳಿತು. ವರದಿಯಲ್ಲಿನ ಅಂಕಿಗಳು ಹೆದರಿ ಹೆದರಿ ಇಳಿದವು. ಸ್ಟೆರಾಯ್ಡ್ ವೈನಿಯ ಮುಖವನ್ನು ದುಂಡಗೆ ಮಾಡಿತು, ನಿದ್ದೆ ಕದ್ದಿತು, ಹಸಿವು ಹೆಚ್ಚಿಸಿತು. ಮನೆಗೆ ಬಂದ ಮೇಲೆ ಬೆಳಿಗ್ಗೆ ಗಿರಮಿಟ್ಟು, ಮಧ್ಯಾಹ್ನ ಜುಣಕ, ಸಂಜೆಗೆ ಮತ್ತೇನು ಎಂದು ಕೇಳುತ್ತಿದ್ದರು. ಸಿಟ್ಟೂ ಬಂತು. ಜುಣಕಕ್ಕೆ ಉಪ್ಪು ಸಾಲದೆಂದು ಎದುರು ಮನೆಯಿಂದ ಅವರು ಕೂಗಿದ ದಿನ ನಾನು ಸೌಟು ಹಿಡಿದು ಬಾಗಿಲಿಗೆ ಬಂದು, ಬಯ್ಯಲು ಬಾಯಿ ತೆಗೆದು, ನಕ್ಕುಬಿಟ್ಟೆ.

ಸ್ಟೆರಾಯ್ಡನ್ನು ಒಮ್ಮೆಗೇ ಬಿಡುವಂತಿಲ್ಲ, ಮೆಲ್ಲ ಮೆಲ್ಲನೆ ಇಳಿಸಬೇಕು. ಅದು ಇಳಿಯುವಷ್ಟು ಕಾಲವೂ ದಿನಾ ಬೆಳಿಗ್ಗೆ ವೈನಿಯನ್ನು ಗ್ಯಾಲರಿಯ ಬೆಳಕಿಗೆ ಕರೆದು, ಕನ್ನಡಕ ತೆಗೆಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದೆ. "ನೋಡಿ ನೋಡಿ ಕಣ್ಣು ಸವಸ್ತಿ" ಎಂದು ಅವರು ಗೊಣಗುತ್ತಿದ್ದರು. ಎದ್ದು ಹೋಗುತ್ತಿರಲಿಲ್ಲ. ಔಷಧಿ ಇಲ್ಲದ ಮೊದಲ ಸ್ಕ್ಯಾನಿನಲ್ಲಿ ಗಂಟುಗಳು ಇದ್ದಷ್ಟೇ ಇದ್ದವು. ಅದರ ಮುಂದಿನದರಲ್ಲೂ ಅಷ್ಟೇ. ಡಾಕ್ಟರ್ ಖುಷಿಯನ್ನು ತಡೆದುಕೊಂಡೇ, ಹೀಗೇ ಇರಲಿ, ನೋಡ್ತಾ ಇರೋಣ ಎನ್ನುತ್ತಿದ್ದರು. ಸ್ಕ್ಯಾನಿನ ದಿನ ಬಂದಾಗಲೆಲ್ಲ ಭಾವನವರು ಹಿಂದಿನ ದಿನವೇ ಕಾರು ಒರೆಸಿ ಇಡುತ್ತಿದ್ದರು.

ವರ್ಷ ಕಳೆದು ಮತ್ತೆ ಚಳಿಗಾಲ ಬಂದಾಗ ವೈನಿ ಜೇಜುರಿ ಎಂದರು. ನಾನು ಸುತಾರಾಂ ಬೇಡ ಎಂದೆ. "ದೇವ್ರಿಗೆ ಹೋದ್ರ ಕಾಮಾಲಿ ಬರ್ತದೇನ? ನೀ ಏನ್ ಸೈನ್ಸ್ ಕಲಿಸ್ದೆವ್ವಾ?" ಎಂದು ನನ್ನ ಬಾಯಿ ಮುಚ್ಚಿಸಿದರು. ಆ ವಾರ ಹೊಸ ಸ್ಕ್ಯಾನ್ ಆಗಿತ್ತು, ವರದಿ ಇನ್ನೂ ಬರಬೇಕಿತ್ತು. ಬರಲಿ, ಆಮೇಲೆ ಹೋಗೋಣ ಎಂದರೂ ಕೇಳಲಿಲ್ಲ. ಒಳ್ಳೆಯದು ಬಂದರಷ್ಟೇ ಬರುತ್ತೇನೆ ಎನ್ನುವುದು ದೇವರ ಜೊತೆ ವ್ಯಾಪಾರವಂತೆ.

ಹೋದೆವು. ಈ ಸಲ ಅರ್ಧ ಮೆಟ್ಟಿಲಿಗೇ ನಿಂತು, ಅಲ್ಲಿಂದಲೇ ತೂರಿದರು. ಗಾಳಿ ನಮ್ಮ ಕಡೆಗೇ ಇತ್ತು. ಅಷ್ಟೂ ನಮ್ಮ ಮೇಲೇ ಬಂತು. ವಾಪಸು ಬರುವಾಗ ಕಾರಿನಲ್ಲಿ ವೈನಿ ನಿದ್ದೆ ಹೋದರು. ನಾನು ಪಕ್ಕದಲ್ಲಿ ಕೂತು ಅವರ ಕೈಯನ್ನೇ ನೋಡುತ್ತಿದ್ದೆ. ಹಳದಿ. ಸೀಟಿನ ಮೇಲಿದ್ದ ನನ್ನ ಕೈಯೂ ಹಳದಿ. ಎರಡರಲ್ಲಿ ವ್ಯತ್ಯಾಸ ಇದೆಯೇ ಎಂದು ನೋಡಿ ನೋಡಿ ಕಣ್ಣು ಸೋತವು. ಊಟಕ್ಕೆ ನಿಂತಲ್ಲಿ ಅವರು ಅರ್ಧ ಭಾಕರಿ ಬಿಟ್ಟಿದ್ದರು. ದಣಿವಿರಬೇಕು ಎಂದುಕೊಂಡೆ. ಹೋದ ವರ್ಷವೂ ಇದನ್ನೇ ಅಂದುಕೊಂಡಿದ್ದೆ ಎಂಬುದು ನೆನಪಾಯಿತು.

ಮನೆ ಸೇರಿದ ಕೂಡಲೇ ವೈನಿ ನಮ್ಮ ಮನೆಯೊಳಗೆ ಬಂದು, ನೇರ ಬಚ್ಚಲಿಗೆ ಹೋಗಿ, ತೋಳಿನ ತನಕ ಸೆರಗು ಸರಿಸಿ ನಳದ ಕೆಳಗೆ ಕೈ ಚಾಚಿದರು.

"ಹಚ್ಚ, ಸಾಬಣ."

ನಾನು ಬಾಗಿಲಲ್ಲೇ ನಿಂತೆ. ನನ್ನ ಬಾಯಿಂದ ಬಂದ ಮಾತಿನ ಗುರುತು ನನಗೇ ಸಿಗಲಿಲ್ಲ. "ಇರ್ಲಿ ಬಿಡ್ರಿ, ವೈನಿ. ಆದಿತ್ಯವಾರದತನಾ ಇರ್ಲಿ."

"ನೀ ಅತ್ತಿ ಆಗಬ್ಯಾಡ ಈಗ," ಎಂದರು. "ಆದಿತ್ಯವಾರದತನಾ ತಡೀಲಿಕ್ಕೆ ನನ್ನ ಕಡೆ ಆಗೂದಿಲ್ಲ. ನನಗ ಭಾಳ ಅಂಜಿಕಿ ಆಗೇದ. ಹಚ್ಚ."

ಸಾಬೂನು ತೆಗೆದುಕೊಂಡು ಅವರ ಮುಂಗೈಗೆ ಹಚ್ಚಿದೆ. ಇಬ್ಬರೂ ತಲೆ ಬಗ್ಗಿಸಿ ನೋಡಿದೆವು. ಮೊದಲು ಬಂದ ನೊರೆ ಬಿಳಿ. ನನ್ನ ಬೆರಳು ನಿಂತಿತು. ವೈನಿ ತಾವೇ ಇನ್ನೊಂದು ಕೈಯಿಂದ ನನ್ನ ಬೆರಳು ಒತ್ತಿ ಉಜ್ಜಿಸಿದರು.

ಬೆರಳ ಸಂದಿಯಿಂದ ಶುರುವಾಗಿ, ಮಣಿಕಟ್ಟಿಗೆ ಬಂದು, ಮೊಳಕೈಯವರೆಗೆ ನೊರೆ ಕೆಂಪಾಯಿತು.